ಗಂಡನ ಪರವಾಗಿ ಕೆಮ್ಮಿದವಳ ದೂರು

ಕೆಮ್ಮು ಕೇಳಿ ಕ್ಷಯರೋಗ ಗುರುತಿಸುವ ಯಂತ್ರದವರಿಗೆ,
ಕೇರಾಫ್ ಆರೋಗ್ಯ ಕಾರ್ಯಕರ್ತೆಯ ಮೊಬೈಲ್ ಫೋನ್

ಮಾನ್ಯರೇ,

ನಾವೆಲ್ಲ ಈಗ ಕ್ಷೇಮ. ತಾವೂ ತುಂಬಿದ ಚಾರ್ಜಿನೊಂದಿಗೆ, ಗಾಜಿಗೆ ಬಿರುಕು ಬೀಳದೆ, ಸುಖವಾಗಿದ್ದೀರೆಂದು ನಂಬಿ ಈ ನಾಲ್ಕು ಸಾಲು ಬರೆಯುತ್ತಿದ್ದೇನೆ. ಸಾರ್ವಜನಿಕ ಗ್ರಂಥಾಲಯದ ವಾಚನಾಲಯದಲ್ಲಿ ಕೆಲಸ ಮಾಡುವ ನನಗೆ ದೂರು ಕೊಟ್ಟು ಅಭ್ಯಾಸವಿಲ್ಲ, ಜೋರಾಗಿ ಮಾತಾಡಿ ಮೊದಲೇ ಅಭ್ಯಾಸವಿಲ್ಲ. ಮುಂದೆ ಎಲ್ಲಾದರೂ ನನ್ನ ದನಿ ಏರಿದಂತೆ ಕಂಡರೆ ಅದನ್ನು ಅನನುಭವವೆಂದು ಮನ್ನಿಸಬೇಕು.

ವಿಷಯವೇನೆಂದರೆ, ತಾವು ನನ್ನ ಕೆಮ್ಮನ್ನು ಕೇಳಿಸಿಕೊಂಡಿದ್ದೀರಿ. ನಮ್ಮ ಮನೆಯಲ್ಲಿ ನಾನು ಹೇಳಿದ್ದು ಮೊದಲನೇ ಸಲಕ್ಕೇ ಯಾರಿಗಾದರೂ ಕೇಳಿಸಿದ ಉದಾಹರಣೆ ಮದುವೆಯಾದಂದಿನಿಂದ ಇಲ್ಲ. ಗ್ಯಾಸ್ ಮುಗಿದಿದೆ ಎಂಬ ಸಂಗತಿಯೂ ಒಲೆ ಆರಿದ ಮೇಲೆಯೇ ಸುದ್ದಿಯಾಗುವುದು. ಅಂಥದ್ದರಲ್ಲಿ ತಾವು, ಪರಿಚಯವಿಲ್ಲದ ಹೊರಗಿನವರು, ಒಂದೇ ಸಲಕ್ಕೆ, ಅದೂ ನಾನು ಬೇರೆಯವರ ಪರವಾಗಿ ಕೆಮ್ಮಿದ್ದಾಗ, ಅಷ್ಟು ಗಮನವಿಟ್ಟು ಕೇಳಿಸಿಕೊಂಡದ್ದು ಸಭ್ಯತೆಯೇ ಎಂದು ವಿನಯಪೂರ್ವಕವಾಗಿ ಕೇಳುತ್ತೇನೆ.

ಆ ದಿನ ತಮ್ಮನ್ನು ಅಡುಗೆಮನೆಗೆ ಹೇಗೆ ತರಲಾಯಿತೆಂಬುದು ತಮಗೆ ತಿಳಿದಿರಲಾರದು. ನಮ್ಮ ಯಜಮಾನರು ಬೇಕರಿಯಲ್ಲಿ ಒಲೆಯ ಮುಂದೆ ನಿಲ್ಲುವವರು. ಅವರ ಕೆಮ್ಮು ಇಡೀ ಬೀದಿಗೆ ಪರಿಚಿತ. ಅವರು ತಿರುವಿನಲ್ಲಿ ಕೆಮ್ಮಿದರೆ ನಾನು ಮನೆಯಲ್ಲಿ ಚಹಾಕ್ಕೆ ನೀರಿಡುತ್ತೇನೆ. ನನ್ನದು ಹಾಗಲ್ಲ. ಮೌನವಾಗಿರಿ ಎಂಬ ಫಲಕದ ಕೆಳಗೆ ಕುಳಿತು ಸಂಬಳ ತೆಗೆದುಕೊಳ್ಳುವವಳು ತಾನೇ ಕೆಮ್ಮುವುದು ಚೆನ್ನಾಗಿರುವುದಿಲ್ಲವೆಂದು, ಬಂದ ಕೆಮ್ಮನ್ನು ಕರವಸ್ತ್ರದಲ್ಲಿ ಒತ್ತಿ, ಅರ್ಧ ನುಂಗಿ, ಉಳಿದದ್ದನ್ನು ಮೂಗಿನಿಂದ ಬಿಟ್ಟು ಮುಗಿಸುವುದನ್ನು ಕಲಿತಿದ್ದೆ. ಚಳಿಗಾಲದಿಂದ ಅದು ಹೆಚ್ಚಾಗಿತ್ತು, ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು, ಬಟ್ಟೆಗಳು ಸಡಿಲವಾಗುತ್ತಿದ್ದವು. ವಯಸ್ಸಾಯಿತೆಂದುಕೊಂಡೆ. ಬಟ್ಟೆ ಸಡಿಲವಾದದ್ದಕ್ಕೆ ಒಳಗೊಳಗೇ ಸ್ವಲ್ಪ ಖುಷಿಯನ್ನೂ ಪಟ್ಟೆ.

ಆರೋಗ್ಯ ಕಾರ್ಯಕರ್ತೆ ತಮ್ಮನ್ನು ಕರೆದುಕೊಂಡು ಬಂದದ್ದು ಯಜಮಾನರ ಖ್ಯಾತಿಯನ್ನು ಕೇಳಿಯೇ. ಇದೊಂದು ಸಂಶೋಧನೆ, ಕೆಮ್ಮಿನ ಸದ್ದಿನಿಂದಲೇ ರೋಗವನ್ನು ಅನುಮಾನಿಸುವುದನ್ನು ಯಂತ್ರಕ್ಕೆ ಕಲಿಸುತ್ತಿದ್ದಾರೆ, ಅದು ಅನುಮಾನಪಟ್ಟವರಿಗೆ ಕಫದ ಪರೀಕ್ಷೆ ಮಾಡುತ್ತಾರೆ ಎಂದು ಆಕೆ ಸಾವಕಾಶವಾಗಿ ವಿವರಿಸಿ, "ಮನೇಲಿ ಬೇರೆ ಯಾರಿಗಾದ್ರೂ ಕೆಮ್ಮು ಇದ್ಯಾ?" ಎಂದು ಕೇಳಿದರು. "ಇಲ್ಲ ಇಲ್ಲ, ಇವಳು ಗಟ್ಟಿ ಆಸಾಮಿ," ಎಂದರು ಯಜಮಾನರು.

ಕ್ಷಯವೆಂದು ಗೊತ್ತಾದರೆ ಬೇಕರಿಯವರು ಮತ್ತೆ ಒಲೆಯ ಹತ್ತಿರ ಸೇರಿಸುವುದಿಲ್ಲವೆಂಬ ಭಯ ಅವರಿಗೆ. ಬೀದಿಯ ಆಚೆ ತುದಿಗೂ ಕೇಳುವಂತೆ ಕೆಮ್ಮುವ ಆ ಮನುಷ್ಯ, "ಹೆಂಗಸರ ಮುಂದೆ ಕೆಮ್ಮೋಕೆ ನಂಗೆ ನಾಚಿಕೆ ಆಗತ್ತೆ," ಎಂದು ಹೇಳಿ, ತಮ್ಮನ್ನು ಕೈಯಲ್ಲಿ ಹಿಡಿದು ಅಡುಗೆಮನೆಗೆ ಬಂದು ಬಾಗಿಲು ಹಾಕಿಕೊಂಡರು. ತಮ್ಮನ್ನು ನನ್ನ ಬಾಯಿಯ ಹತ್ತಿರ ತಂದು, "ನೀನು ಕೆಮ್ಮು. ನಿಂದು ಸಣ್ಣ ಕೆಮ್ಮು, ಪಾಸಾಗತ್ತೆ," ಎಂದು ಪಿಸುಗುಟ್ಟಿದರು. ನನಗೆ ಕೆಮ್ಮಿದೆಯೆಂಬುದು ಅವರಿಗೆ ಗೊತ್ತಿತ್ತು ಎಂದು ನನಗೆ ಗೊತ್ತಾದದ್ದು ಆಗಲೇ. ಕೇಳಿದ್ದನ್ನು ಇಲ್ಲವೆನ್ನುವ ರೂಢಿಯಿಲ್ಲದ ಕಾರಣ, ಕನ್ನಡಕ ಹುಡುಕಿ ಕೊಡುವ ಹಾಗೆ, ಕೆಮ್ಮಿ ಕೊಟ್ಟೆ.

ತಾವು ಕೆಂಪು ಬಣ್ಣ ತೋರಿಸಿದಿರಿ.

ಅದು ತನ್ನ ಕೆಮ್ಮಲ್ಲವೆಂದು ಹೇಳಲೂ ಬಾರದೆ, ಹೇಳದಿರಲೂ ಆಗದೆ ಯಜಮಾನರು ಪಟ್ಟ ಪಾಡನ್ನು ಇಲ್ಲಿ ವಿಸ್ತರಿಸುವುದಿಲ್ಲ. ಅವರ ಕಫವನ್ನು ಪರೀಕ್ಷಿಸಿದರು, ಎದೆಯ ಎಕ್ಸ್-ರೇ ತೆಗೆದರು. ಎರಡೂ ಶುದ್ಧವಾಗಿದ್ದವು. "ನಿಮಗೆ ಕ್ಷಯ ಇಲ್ಲ. ಹಿಟ್ಟಿನ ಧೂಳಿಂದ ಬಂದಿರೋ ಉಬ್ಬಸ ಇದು," ಎಂದು ಡಾಕ್ಟರು ಉಸಿರಿನಲ್ಲಿ ಎಳೆದುಕೊಳ್ಳುವ ಔಷಧಿಯನ್ನೂ ಮುಖಗವಸನ್ನೂ ಕೊಟ್ಟು ಕಳಿಸಿದರು. ಯಜಮಾನರು ಕೇಕ್ ತಂದು ನೆರೆಹೊರೆಗೆಲ್ಲ ಹಂಚಿ, ಆ ಯಂತ್ರಕ್ಕೆ ಕಿವಿಯೇ ಇಲ್ಲವೆಂದು ತಮ್ಮನ್ನು ಮನಸಾರೆ ಹೀಯಾಳಿಸಿದರು. ಹಾಗಾದರೆ ಅದು ಕೇಳಿದ್ದು ಯಾರ ಕೆಮ್ಮನ್ನು ಎಂಬ ಪ್ರಶ್ನೆ ಆ ಗದ್ದಲದಲ್ಲಿ ಅವರಿಗೆ ಹೊಳೆಯಲಿಲ್ಲ. ನನಗೆ ಕೇಕಿನ ತಟ್ಟೆಗಳನ್ನು ತೊಳೆಯುವಾಗ ಹೊಳೆಯಿತು. ತೊಳೆದಿಟ್ಟು ಸುಮ್ಮನಾದೆ.

ಸುಮ್ಮನಿರುವುದು ಅಂದುಕೊಂಡಷ್ಟು ಸುಲಭವಾಗಲಿಲ್ಲ. ಪಕ್ಕದ ಬೀದಿಯಲ್ಲಿರುವ ಮಗಳು ಆ ಭಾನುವಾರ ಎಂದಿನಂತೆ ಕೂಸನ್ನು ಕರೆದುಕೊಂಡು ಬಂದಳು. ಅದಕ್ಕಿನ್ನೂ ನಡಿಗೆ ಬಂದಿಲ್ಲ, ನನ್ನ ಹೆಗಲ ಮೇಲಲ್ಲದೆ ನಿದ್ದೆಯೂ ಬರುವುದಿಲ್ಲ. ಕೈಯೆಲ್ಲ ಸೋಪು ಎಂದು ಹೇಳಿ ನಾನು ಎತ್ತಿಕೊಳ್ಳಲಿಲ್ಲ. ಅದು ಕೈ ಚಾಚಿಕೊಂಡು ಅಳುತ್ತಲೇ ಇತ್ತು. ನಾನು ಒಗೆದ ಬಟ್ಟೆಗಳನ್ನೇ ಮತ್ತೆ ಒಗೆಯುತ್ತ ಹಿತ್ತಲಲ್ಲಿ ಕುಳಿತೆ.

ಮರುದಿನ ಕಾರ್ಯಕರ್ತೆ ಬಂದು, ಯಂತ್ರದ, ಅಂದರೆ ತಮ್ಮ, ತಪ್ಪನ್ನು ಮೇಲಿನವರಿಗೆ ತಿಳಿಸುವುದಾಗಿಯೂ ಅದನ್ನು ತಿದ್ದುವುದಾಗಿಯೂ ಹೇಳಿದರು. ತಿದ್ದುವುದೆಂದರೆ ಹೇಗೆ ಎಂದು ಯಜಮಾನರು ಗೆದ್ದವರ ಗತ್ತಿನಲ್ಲಿ ಕೇಳಿದರು. "ಇನ್ಮೇಲೆ ಈ ಥರದ ಕೆಮ್ಮು ಬಂದ್ರೆ ರೋಗ ಇಲ್ಲ ಅಂತ ತಿಳ್ಕೋ ಅಂತ ಅದಕ್ಕೆ ಕಲಿಸ್ತಾರೆ," ಎಂದರು ಆಕೆ.

ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ನನ್ನನ್ನು ಸರಿಯಾಗಿ ಕೇಳಿಸಿಕೊಂಡವರು ತಾವೊಬ್ಬರು. ತಮ್ಮ ಕಿವಿಯನ್ನೂ ಹಿಂಡಿ, ಇಂಥವರನ್ನು ಕೇಳಿಸಿಕೊಳ್ಳಬಾರದೆಂದು ಪಾಠ ಹೇಳಲು ಹೊರಟಿದ್ದರು. ಇನ್ನೆಷ್ಟು ಅಡುಗೆಮನೆಗಳಲ್ಲಿ ಇನ್ನೆಷ್ಟು ಸಣ್ಣ ಕೆಮ್ಮುಗಳಿವೆಯೋ ನನಗೆ ಗೊತ್ತಿಲ್ಲ. "ಅದು ತಪ್ಪು ಮಾಡಿಲ್ಲ. ಕೆಮ್ಮಿದ್ದು ನಾನು," ಎಂದೆ. ವಾಚನಾಲಯದ ದನಿಯಲ್ಲೇ ಹೇಳಿದ್ದು, ಆದರೂ ಇಬ್ಬರಿಗೂ ಕೇಳಿಸಿತು. ತಮಾಷೆ ಮಾಡ್ತಾಳೆ ಎಂದು ಯಜಮಾನರು ನಗಲು ಹೊರಟು ಅರ್ಧಕ್ಕೆ ನಿಲ್ಲಿಸಿದರು. ಕಾರ್ಯಕರ್ತೆ ಅವರ ಕಡೆ ನೋಡಲಿಲ್ಲ. ನನ್ನ ಕೈಯಿಂದ ತಟ್ಟೆ ಇಸಿದುಕೊಂಡು ಕೆಳಗಿಟ್ಟು, "ಯಾವಾಗಿಂದ ಅಮ್ಮಾ?" ಎಂದು ಕೇಳಿದರು. ಹೇಳಲು ಬಾಯಿ ತೆರೆದರೆ ಮಾತಿನ ಬದಲು ಅಳು ಬಂತು. ಕ್ಷಮಿಸಿ, ಇದು ದೂರಿಗೆ ಸಂಬಂಧಪಟ್ಟದ್ದಲ್ಲ.

ಕಫದಲ್ಲಿ ರೋಗ ಸಿಕ್ಕಿತು. ನನ್ನ ಕಷ್ಟಗಳು ಶುರುವಾದದ್ದು ಅಲ್ಲಿಂದ. ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಬೇಕೆಂದು ಹೇಳಿದವರು ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆಂದು ಹೇಳಲು ಮರೆತಿದ್ದರಿಂದ ಮರುದಿನ ಬೆಳಿಗ್ಗೆ ನಾನು ಮನಸ್ಸಿನಲ್ಲೇ ಎಲ್ಲರಿಗೂ ವಿದಾಯ ಹೇಳಿದ್ದೆ. ಮಾತ್ರೆಯ ಪೆಟ್ಟಿಗೆ ತಮ್ಮ ಬಳಗದ್ದೇ ಇರಬೇಕು. ತೆರೆಯಲು ತಡವಾದರೆ ಚೀರುತ್ತದೆ, ಆಸ್ಪತ್ರೆಗೆ ಚಾಡಿಯನ್ನೂ ಹೇಳುತ್ತದೆ. "ಇವಳ ಬದಲು ನಾನು ನುಂಗೋ ಹಾಗಿದ್ರೆ..." ಎಂದು ಯಜಮಾನರು ಡಾಕ್ಟರ ಮುಂದೆ ಕಣ್ಣೊರೆಸಿಕೊಂಡಾಗ ಅವರು, "ನಿಮ್ಮ ಮನೇಲಿ ಬದಲಿ ವ್ಯವಸ್ಥೆ ಇನ್ನು ಸಾಕು," ಎಂದರು.

ಕೂಸನ್ನು ಪರೀಕ್ಷಿಸಿದರು. ಆ ಫಲಿತಾಂಶ ಬರುವವರೆಗೆ ನಾವು ಬದುಕಿದ್ದನ್ನು ಬದುಕಿದ್ದು ಎನ್ನಬಹುದೋ ಇಲ್ಲವೋ ತಿಳಿಯದು. ಕೂಸಿಗೆ ರೋಗ ಅಂಟಿರಲಿಲ್ಲ. ಮುಂದೆಯೂ ಬಾರದಿರಲೆಂದು ಅದಕ್ಕೆ ಔಷಧಿ ಶುರುಮಾಡಿದರು. ಅದು ಪ್ರತಿದಿನ ಅದರಲ್ಲಿ ಅರ್ಧವನ್ನು ಅಪ್ಪನ ಅಂಗಿಗೆ ಕುಡಿಸುತ್ತಿದೆ.

ಆಮೇಲೆ ನನಗೆ ಇದು ಎಲ್ಲಿಂದ ಬಂತೆಂದು ಹುಡುಕಲು ಹೊರಟರು. ವಾಚನಾಲಯಕ್ಕೆ ದಿನವೂ ಬರುತ್ತಿದ್ದವರನ್ನೆಲ್ಲ ವಿಚಾರಿಸುತ್ತ, ನಾವು ಪೇಪರ್ ತಾತ ಎಂದು ಕರೆಯುತ್ತಿದ್ದ ಹಿರಿಯರ ತನಕ ಹೋದರು. ಅವರು ಕೆಮ್ಮಿದಾಗಲೆಲ್ಲ ನಾನು ಫಲಕವನ್ನು ತೋರಿಸುತ್ತಿದ್ದೆ. ಪಾಪ, ಉಳಿದ ಓದುಗರಿಗೆ ತೊಂದರೆಯಾಗದಿರಲೆಂದು ನನ್ನ ಮೇಜಿನ ಪಕ್ಕದ ಮೂಲೆಗೇ ಬಂದು ಕೂರುತ್ತಿದ್ದರು, ಕೆಲವು ಕಾಲದಿಂದ ಕಾಣೆಯಾಗಿದ್ದರು. ತಂಗಿಯ ಮನೆಯಲ್ಲಿ ಮಲಗಿದಲ್ಲೇ ಸಿಕ್ಕರು. ಅವರ ರೋಗಾಣುವೂ ನನ್ನದೂ ಒಂದೇ ವಂಶದವು ಎಂದು ಪ್ರಯೋಗಾಲಯದವರು ಹೇಳಿದ ಮೇಲೆ ನಮ್ಮಿಬ್ಬರಲ್ಲಿ ಒಂದು ಬಗೆಯ ಬೀಗತನ ಬೆಳೆದಿದೆ. ಅವರೂ ಮಾತ್ರೆ ನುಂಗುತ್ತಿದ್ದಾರೆ, ಎದ್ದು ಓಡಾಡುತ್ತಿದ್ದಾರೆ.

ಇಷ್ಟಾದ ಮೇಲೆ ನನ್ನ ಮನೆಯ ಸ್ಥಿತಿಯನ್ನು ತಾವೇ ಊಹಿಸಿ. ಗಂಟಲು ಸರಿಮಾಡಿಕೊಂಡರೂ ಸಾಕು, ಯಜಮಾನರು ಕೈಯಲ್ಲಿದ್ದದ್ದನ್ನು ಬಿಟ್ಟು ಓಡಿಬರುತ್ತಾರೆ. ಮಗಳು ಫೋನಿನಲ್ಲಿ ನನ್ನ ಮಾತಿಗಿಂತ ಉಸಿರನ್ನೇ ಕೇಳುತ್ತಾಳೆ. ಯಾರಿಗೂ ಕೇಳಿಸದ ನೆಮ್ಮದಿಯೆಂದರೆ ಏನೆಂದು ಕಳೆದುಕೊಂಡ ಮೇಲೆ ತಿಳಿಯಿತು. ಆದ್ದರಿಂದ ತಾವು ದಯವಿಟ್ಟು ಕೆಮ್ಮಿಗಷ್ಟೇ ನಿಲ್ಲದೆ ನಿಟ್ಟುಸಿರನ್ನು ಗುರುತಿಸುವುದನ್ನೂ ಕಲಿತು, "ಏನೂ ಇಲ್ಲ ಬಿಡಿ" ಎಂದು ಹೆಂಗಸರು ಹೇಳಿದಾಗಲೆಲ್ಲ ಕೆಂಪು ಬಣ್ಣ ತೋರಿಸಿ, ಸಾಧ್ಯವಾದರೆ ಹಿಂದಿನ ವರ್ಷಗಳಿಗೂ ಅನ್ವಯವಾಗುವಂತೆ ಫಲಿತಾಂಶ ಪ್ರಕಟಿಸಬೇಕಾಗಿ ಪ್ರಾರ್ಥಿಸುತ್ತೇನೆ. ಆಗದಿದ್ದಲ್ಲಿ ತಮ್ಮ ಕಿವಿಯಲ್ಲಿ ಒಂದನ್ನು ಯಜಮಾನರಿಗೆ ಎರವಲು ಕೊಡಿ. ಗ್ರಂಥಾಲಯದ ನಿಯಮದಂತೆ ಹಾಳಾಗದ ಹಾಗೆ ಹಿಂತಿರುಗಿಸುವ ಹೊಣೆ ನನ್ನದು.

ತಮ್ಮ ಕಿವಿಗೆ ಸದಾ ಋಣಿಯಾದ, ಅದಕ್ಕಾಗಿ ತುಸು ಮುನಿಸಿಕೊಂಡಿರುವ,
ತಮ್ಮ ವಿಶ್ವಾಸಿ,
(ತಮಗೆ ಗಂಡಸರ ಸಾಲಿನಲ್ಲಿ ಪರಿಚಯವಾದ ಹೆಂಗಸು)

ತಾ.ಕ.: ತಮ್ಮ ಮೇಲಿನವರು ಪ್ರಕಟಿಸಿದ ಸಂಶೋಧನಾ ವರದಿಯನ್ನು ನಮ್ಮ ವಾಚನಾಲಯದಲ್ಲೇ ಕುಳಿತು ಓದಿದೆ. ನೆರವಿತ್ತ ಸಂಸ್ಥೆಗಳನ್ನೂ ಬಳಸಿದ ಫೋನುಗಳನ್ನೂ ತುಂಬ ಸೌಜನ್ಯದಿಂದ ನೆನೆದಿದ್ದಾರೆ. ಅದರಲ್ಲಿ ನಾನೆಲ್ಲಿದ್ದೇನೆಂದು ಹುಡುಕಿದೆ. ಅಡಿಟಿಪ್ಪಣಿಯಲ್ಲಿ, ಕೆಮ್ಮಿದವರು ಯಾರೆಂಬ ಗೊಂದಲವಿದ್ದುದರಿಂದ ಒಂದು ದಾಖಲೆಯನ್ನು ಕೈಬಿಡಲಾಗಿದೆ ಎಂದಿದ್ದಾರೆ. ಬೇಸರವಿಲ್ಲ. ಕೈಬಿಡಲಾದ ದಾಖಲೆಯ ತೂಕ ಹೆಚ್ಚಿದೆಯೆಂದೂ, ಕಫ ಶುದ್ಧವಾಗಿದೆಯೆಂದೂ, ಸದ್ಯ ಅದರ ಹೆಗಲ ಮೇಲೆ ಒಂದು ಕೂಸು ಮಲಗಿರುವುದರಿಂದ ಎಡಗೈಯಲ್ಲಿ ಬರೆಯಬೇಕಾಗಿ ಬಂದು ಅಕ್ಷರ ಸೊಟ್ಟಗಾಗಿದೆಯೆಂದೂ ಅವರಿಗೆ ತಿಳಿಸಿಬಿಡಿ.