ಕ್ಯಾಪ್ಟನ್ ಹಡಗು ಹತ್ತಿದ್ದು

"ಈ ಆಟದ ಗಂಧಗಾಳಿ ಇಲ್ಲದವರೂ ಕೂತ ತಕ್ಷಣ ಆಕಾಶಕ್ಕೆ ಹಾರಬೇಕು, ಹಾಗೆ ತಿದ್ದಿ ಬರೀತೀನಿ. ನೋಡ್ತಾ ಇರು" ಎಂದು ಕ್ಯಾಪ್ಟನ್ ಘನಘೋರ ಶಪಥ ಮಾಡಿದಾಗ ಅವನ ಹೆಂಡತಿ ಬಟಾಣಿ ಬಿಡಿಸುತ್ತಿದ್ದಳು. ಅದಾಗಿ ಹತ್ತು ವರ್ಷ ದಾಟಿತು. ಮೊನ್ನೆ ಅವನು ಅದೇ ಶಪಥ ಮಾಡಿದಾಗಲೂ ಅವಳು ಬಟಾಣಿ ಬಿಡಿಸುತ್ತಿದ್ದಳು. ಬಟಾಣಿ ಹೊಸದು, ಶಪಥ ಮಾತ್ರ ಹಳೆಯದು.

ಕ್ಯಾಪ್ಟನ್ ಎಂದರೆ ಯಾವ ಹಡಗಿನವನೂ ಅಲ್ಲ, ಪೇಟೆಬೀದಿಯಲ್ಲಿ ಕನ್ನಡಕದ ಅಂಗಡಿ ಇಟ್ಟವನು. ಆ ಹೆಸರು ಹಾಸ್ಟೆಲ್ ಗೆಳೆಯರು ಕೊಟ್ಟದ್ದು, ಅದೂ ಗೇಲಿಗೆ. ಆಗ ಅವರೆಲ್ಲ 'ಒಂಬತ್ತನೇ ಆಕಾಶ' ಎಂಬ ಆಟದ ಹುಚ್ಚು ಹಿಡಿಸಿಕೊಂಡಿದ್ದರು. ಅದಕ್ಕೆ ಪಗಡೆಯ ಹಾಗೆ ಹಾಸಿಲ್ಲ, ಕಾಯಿಗಳಿಲ್ಲ. ಮೇಜಿನ ಸುತ್ತ ಕೂತವರು ತಾವೊಂದು ಬಾಹ್ಯಾಕಾಶ ಹಡಗಿನ ಸಿಬ್ಬಂದಿ ಎಂದು ನಂಬಿ, ಏನು ಮಾಡುತ್ತೇವೆಂದು ಬಾಯಲ್ಲಿ ಹೇಳಬೇಕು. ಅದು ಆಯಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಕಥೆ ನಡೆಸಲು ಒಬ್ಬ ಸೂತ್ರಧಾರ ಇರುತ್ತಾನೆ.

ಆಟಕ್ಕೆ ಮುಂಚೆ ಪ್ರತಿಯೊಬ್ಬನೂ ತನ್ನ ಪಾತ್ರದ ಪೂರ್ವಾಶ್ರಮವನ್ನು ಕಟ್ಟಿಕೊಳ್ಳಬೇಕು. ನಾಲ್ಕು ವರ್ಷಕ್ಕೆ ಒಂದು ಪಾಳಿ. ಪಾಳಿಗೊಂದು ವಿದ್ಯೆ ಬರುತ್ತದೆ, ಅದೃಷ್ಟವಿದ್ದರೆ ಬಡ್ತಿಯೂ ಸಿಗುತ್ತದೆ. ಎಷ್ಟು ಪಾಳಿ ಬೇಕಾದರೂ ಮಾಡಬಹುದು, ಆದರೆ ಪ್ರತಿ ಪಾಳಿಗೂ ದಾಳ ಹಾಕಬೇಕು. ಕಡಿಮೆ ಬಿತ್ತೋ, ಪಾತ್ರ ಗೊಟಕ್. ಆಟ ಶುರುವಾಗುವ ಮೊದಲೇ ತಿಥಿ!

ಆ ದಿನಗಳನ್ನು ನೆನೆದರೆ ಕ್ಯಾಪ್ಟನ್ನಿನ ಕಣ್ಣು ಈಗಲೂ ಮಂಜಾಗುತ್ತದೆ, ಮತ್ತು ಅದಕ್ಕೆ ಅವನ ಅಂಗಡಿಯಲ್ಲಿ ಯಾವ ಗಾಜೂ ಇಲ್ಲ. ಸೀಮೆಸುಣ್ಣ ಕೆತ್ತಿ ದಾಳ ಮಾಡುತ್ತಿದ್ದರು, ಸಂಜೆಯೊಳಗೆ ಸವೆದು ಅದು ಗೋಲಿಯಾಗುತ್ತಿತ್ತು. ಮಂಚಗಳ ನಡುವೆ ನೆಲದ ಮೇಲೆ ಹಡಗು ಬರೆಯುತ್ತಿದ್ದರು. ಪಾತ್ರ ಸಿದ್ಧವಾದವನು ಬಿಳಿ ಗೆರೆ ದಾಟಿ ಒಳಗೆ ಕೂರುತ್ತಿದ್ದ. ನಮ್ಮವನು ಮಾತ್ರ ಒಂದು ದಿನವೂ ದಾಟಲಿಲ್ಲ. ಅವನಿಗೆ ಕ್ಯಾಪ್ಟನ್ನೇ ಆಗಬೇಕು! "ಇನ್ನೊಂದೇ ಪಾಳಿ" ಎನ್ನುತ್ತಿದ್ದ, ದಾಳ ಹಾಕುತ್ತಿದ್ದ, ಸಾಯುತ್ತಿದ್ದ. ಕೊನೆಗೆ ಕನಿಕರಪಟ್ಟು ಅವನನ್ನು ಸೂತ್ರಧಾರನನ್ನಾಗಿ ಕೂರಿಸಿದರು. ಅಂದಿನಿಂದ ಎಲ್ಲರನ್ನೂ ಆಕಾಶಕ್ಕೆ ಕಳಿಸಿ ತಾನು ಗೆರೆಯಾಚೆ ಉಳಿದವನು ಅವನು.

ಹಾಗಾಗಿ ಹೊಸಬರಿಗೆಂದು ಆಟವನ್ನು ತಿದ್ದಲು ಕೂತಾಗ ಅವನು ಮೊದಲು ಹೊಡೆದುಹಾಕಿದ್ದೇ ಆ ಸಾವಿನ ನಿಯಮವನ್ನು. ಹೊಸಬರಿಗೆ ಬೇಸರವಾಗಬಾರದು ಎಂಬುದು ಹೇಳಿಕೊಳ್ಳಲು ಇಟ್ಟುಕೊಂಡ ಕಾರಣ. ಉಳಿದ ವರ್ಷಗಳು ಹೇಗೆ ಕಳೆದವೆಂದರೆ, ಗಿರಾಕಿಯ ಕಣ್ಣಿಗೆ ಗಾಜು ಬದಲಿಸುತ್ತಾ "ಇದು ಚೆನ್ನಾಗಿ ಕಾಣುತ್ತಾ, ಇದಾ?" ಎಂದು ಕೇಳುವಂತೆ ಪ್ರತಿ ವಾಕ್ಯವನ್ನೂ ಬದಲಿಸುತ್ತಿದ್ದ. ಗಿರಾಕಿಯಾದರೂ ಸಾಕು ಎನ್ನುತ್ತಾನೆ, ವಾಕ್ಯ ಎನ್ನುವುದಿಲ್ಲ.

ಅಷ್ಟರಲ್ಲಿ ಅಚ್ಚುಕೂಟ ನಡೆಸುವ ಹಳೆಯ ಹಾಸ್ಟೆಲ್ ಗೆಳೆಯ ಬಂದು ಬಾಂಬು ಹಾಕಿದ. "ಯಂತ್ರ ಮಾರಿಬಿಟ್ಟೆ ಕಣೋ. ಮುಂದಿನ ವಾರ ಬಂದು ಒಯ್ತಾರೆ. ಕೊನೇ ಕೆಲಸ ಅಂತ ನಮ್ಮ ಆಟಾನೇ ಅಚ್ಚು ಹಾಕೋಣ. ಆದ್ರೆ ಹೊಸಬರು ಆಡೋದನ್ನ ನಾನು ಕಣ್ಣಾರೆ ನೋಡ್ಬೇಕು. ಹಡಗು ಹಾರಲಿಲ್ಲ ಅಂದ್ರೆ ಕಾಗದ ದಂಡ."

ಭಾನುವಾರ ಮೇಜಿನ ಸುತ್ತ ಮೂವರು ಹೊಸಬರು ಕೂತರು: ಬಸ್ ಡಿಪೋದಲ್ಲಿ ಟೈಮ್‌ಕೀಪರ್ ಆಗಿರುವ ಹೆಂಡತಿ, ಅವಳ ತಾಯಿ, ಮತ್ತು ಫ್ರಿಜ್ ರಿಪೇರಿ ಮಾಡುವ ಅವಳ ತಮ್ಮ. ಗೆಳೆಯ ಪಕ್ಕದ ಕುರ್ಚಿಯಲ್ಲಿ ಪರೀಕ್ಷಕನಂತೆ ಕೂತ.

"ಎಷ್ಟು ಪಾಳಿ ಮಾಡಿದ್ರೂ ಸಾಯೋದಿಲ್ಲ ತಾನೇ?" ಎಂದು ಅತ್ತೆ ಕೇಳಿದರು.

"ಇಲ್ಲ ಅತ್ತೆ. ಅದನ್ನ ತೆಗೆದುಹಾಕಿದ್ದೀನಿ" ಎಂದ ಕ್ಯಾಪ್ಟನ್, ಯಮನನ್ನೇ ಕೆಲಸದಿಂದ ವಜಾ ಮಾಡಿದವನ ಗತ್ತಿನಲ್ಲಿ.

"ಹಾಗಾದ್ರೆ ಇನ್ನೊಂದು."

ಇನ್ನೊಂದು, ಮತ್ತೊಂದು, ಮಗದೊಂದು. ಬಿಟ್ಟಿ ಬಡ್ತಿಯನ್ನು ಯಾರು ಬಿಟ್ಟಾರು? ಚಹಾ ಆರಿತು, ಬಿಸ್ಕತ್ತು ಮುಗಿಯಿತು. ಕೊನೆಗೆ ಪಾತ್ರಗಳು ಸಿದ್ಧವಾದಾಗ ಮೂವರೂ ಎಂಬತ್ತು ದಾಟಿದ ಮಹಾದಂಡನಾಯಕರು! ಎದೆ ತುಂಬ ಪದಕ, ಕೈ ತುಂಬ ಪಿಂಚಣಿ.

ದೂರದ ಗ್ರಹವೊಂದು ಕಾಪಾಡಿ ಎಂದು ಕೂಗುತ್ತಿದೆ, ಹಡಗು ಹೊರಡಿಸಿ ಎಂದ ಕ್ಯಾಪ್ಟನ್. ಹೊರಡಿಸುವವರು ಯಾರು? ಅತ್ತೆ ಭಾವಮೈದುನನಿಗೆ ಅಪ್ಪಣೆ ಕೊಟ್ಟರು. ಅವನು ತಾನೂ ಮಹಾದಂಡನಾಯಕನೇ, ಇಂಧನ ತುಂಬುವುದು ತನ್ನ ಅಂತಸ್ತಿಗೆ ತಕ್ಕುದಲ್ಲ ಎಂದು ಅಕ್ಕನಿಗೆ ದಾಟಿಸಿದ. ಹೆಂಡತಿ ತನ್ನ ಪಾತ್ರಕ್ಕೆ ಮಂಡಿನೋವು, ಪಿಂಚಣಿ ಬರುತ್ತಿರುವಾಗ ಹೊರಗೆ ಹೋಗಿ ಆಗಬೇಕಾದ್ದೇನು ಎಂದಳು. ಕ್ಯಾಪ್ಟನ್ ಬೆದರಿಸಲು ದರೋಡೆಕೋರರನ್ನು ಕಳಿಸಿದ. ಅತ್ತೆ ಅವರಿಗೂ ಪಾಳಿ ಮಾಡಿ ಪಿಂಚಣಿ ತೆಗೆದುಕೊಳ್ಳುವಂತೆ ಬುದ್ಧಿ ಹೇಳಿದರು. ಮಂಡಿನೋವಿಗೊಂದು ಹೊಸ ನಿಯಮ, ಇಂಧನಕ್ಕೊಂದು ನಿಯಮ ಎಂದು ಅವನು ಅಂಚಿನಲ್ಲಿ ಗೀಚಿದಷ್ಟೂ ಗೊಂದಲ ಬೆಳೆಯಿತು. ಭಾವಮೈದುನ ಗೊರಕೆ ಹೊಡೆಯತೊಡಗಿದ. ಹಡಗು ಇದ್ದಲ್ಲಿಂದ ಕೂದಲೆಳೆಯಷ್ಟೂ ಕದಲಲಿಲ್ಲ.

ಗೆಳೆಯ ಮೆಲ್ಲನೆ ಎದ್ದು ಚಪ್ಪಲಿ ಹುಡುಕತೊಡಗಿದ. ಕ್ಯಾಪ್ಟನ್ನಿನ ಮುಖ ನೋಡುವಂತಿರಲಿಲ್ಲ. ಆಗ ಹೆಂಡತಿ ಗೆಳೆಯನನ್ನು ತಡೆದು, ನಿಮ್ಮ ಕಾಲದಲ್ಲಿ ಹಡಗು ಹೇಗೆ ಹೊರಡುತ್ತಿತ್ತು ಎಂದು ಕೇಳಿದಳು. ಗೆಳೆಯ ಸಾವಿನ ನಿಯಮ ಹೇಳಿದ. ಜೊತೆಗೆ ಕ್ಯಾಪ್ಟನ್ ಸತ್ತ ಕಥೆಗಳನ್ನೂ ಒಂದೊಂದಾಗಿ ಬಿಚ್ಚಿದ. ಅವಳು ನಕ್ಕು ನಕ್ಕು ಕಣ್ಣೊರೆಸಿಕೊಂಡು, ಆಮೇಲೆ ಗಂಡನ ಕಡೆ ತಿರುಗಿದಳು.

"ರೀ, ಆ ನಿಯಮ ಇದ್ದದ್ದು ಸಾಯಿಸೋಕಲ್ಲ, ಸಾಕು ಅನ್ನಿಸಿ ಎಬ್ಬಿಸೋಕೆ. ಪೂರ್ತಿ ಸರಿಯಾದ ಮೇಲೇ ಹೊರಡಲಿ ಅಂತ ಕಾದ್ರೆ ನಮ್ಮ ಡಿಪೋದಿಂದ ಒಂದು ಬಸ್ಸೂ ಹೊರಡಲ್ಲ." ಅವಳು ದಾಳ ತೆಗೆದು ಅವನ ಅಂಗೈಯಲ್ಲಿಟ್ಟಳು. "ಈ ಪುಸ್ತಕ ಇವತ್ತು ಕೊಡ್ತೀರೋ, ಇನ್ನೊಂದು ಪಾಳಿ ತಿದ್ತೀರೋ? ತಿದ್ತೀನಿ ಅಂದ್ರೆ ದಾಳ ಹಾಕಿ. ಹಳೇ ನಿಯಮ."

ಕ್ಯಾಪ್ಟನ್ ದಾಳ ನೋಡಿದ. ಅದರ ಕೈಯಲ್ಲಿ ತಾನು ಪಟ್ಟ ಪಾಡೆಲ್ಲ ನೆನಪಾಯಿತು. ಹೊಡೆದುಹಾಕಿದ್ದ ನಿಯಮವನ್ನು ತೆಪ್ಪಗೆ ಮತ್ತೆ ಬರೆದು, ಇಡೀ ಕಟ್ಟನ್ನು ಗೆಳೆಯನ ಕೈಗಿತ್ತ. ಕೊಟ್ಟ ಮೇಲೆ ಅವನಿಗೆ ಅಳು ಬಂದಂತಾಯಿತು.

"ಇನ್ನು ಆಟ ನಾನು ನಡೆಸ್ತೀನಿ, ನೀವು ಆ ಕಡೆ ಕೂತ್ಕೊಳ್ಳಿ. ದಿನವಿಡೀ ಬಸ್ಸು ಬಿಡೋಳಿಗೆ ಒಂದು ಹಡಗು ಬಿಡೋಕೆ ಬರಲ್ವಾ?" ಎಂದಳು ಹೆಂಡತಿ. ಗೆಳೆಯ ಜೇಬಿನಿಂದ ಸೀಮೆಸುಣ್ಣದ ತುಂಡು ತೆಗೆದು ಮೊಣಕಾಲೂರಿ ನೆಲದ ಮೇಲೆ ಹಡಗು ಬರೆದ. ಈಗ ಆಟಕ್ಕೆ ಜೀವ ಬಂತು. ದಾಳ ಉರುಳಿದಾಗಲೆಲ್ಲ ಎಲ್ಲರೂ ಉಸಿರು ಬಿಗಿಹಿಡಿದರು. ಭಾವಮೈದುನ ಎರಡನೇ ಪಾಳಿಯಲ್ಲೇ ಸತ್ತು, ಬೈದುಕೊಂಡು, ಮೆಕ್ಯಾನಿಕ್ಕಾಗಿ ಮರುಹುಟ್ಟು ಪಡೆದ. ಅತ್ತೆ ಎದೆಗುಂದದೆ ದಾಳ ಹಾಕುತ್ತಾ ಹೋಗಿ, ಸರಿಯಾದ ಹೊತ್ತಿಗೆ "ಸಾಕು" ಎಂದು ಎದ್ದು ಗೆರೆಯೊಳಗೆ ಕುರ್ಚಿ ಹಾಕಿಸಿಕೊಂಡರು.

ಕ್ಯಾಪ್ಟನ್ ಒಂದು ಪಾಳಿ ಮುಗಿಸಿದ. "ಇನ್ನೊಂ..." ಎಂದು ಬಾಯಿ ತೆರೆಯಿತು. ಹೆಂಡತಿ ತಲೆಯೆತ್ತಿ ನೋಡಿದಳು. ಬಾಯಿ ಮುಚ್ಚಿತು. ಅವನು ಎದ್ದು, ಚಪ್ಪಲಿ ಬಿಟ್ಟು, ಹುಡುಗನಾಗಿದ್ದಾಗಿನಿಂದ ದಾಟಲಾಗದ ಆ ಬಿಳಿ ಗೆರೆಯನ್ನು ದಾಟಿ ಒಳಗೆ ಹೋಗಿ ನಿಂತ. ಭಾವಮೈದುನ ಯಂತ್ರ ಚಾಲೂ ಮಾಡಿದ, ಹೆಂಡತಿ ಡಿಪೋದ ಸೀಟಿ ಊದಿದಳು, ಹಡಗು ಹಾರಿಯೇಬಿಟ್ಟಿತು!

ಒಂದೇ ಪಾಳಿಗೆ ಅವನಿಗೆ ದಕ್ಕಿದ್ದ ವಿದ್ಯೆ ಗುಡಿಸುವುದು. ಹಡಗಿನ ಕ್ಯಾಪ್ಟನ್ ಯಾರೆಂದು ಅವನು ಆಮೇಲೆ ನೋಡಿಕೊಂಡ. ಮುಂದಿನ ಕುರ್ಚಿಯಲ್ಲಿ ಕೂತಿದ್ದ ಅತ್ತೆ ನೆಲದ ಮೇಲೆ ಉದುರಿದ್ದ ಸುಣ್ಣದ ಪುಡಿಯನ್ನು ನೋಡಿ, ನಂತರ ಮೂಲೆಯ ಪೊರಕೆಯನ್ನು ನೋಡಿ, ಬಹಳ ಮರ್ಯಾದೆಯಿಂದ ಹೇಳಿದರು:

"ಅಳಿಯಂದಿರೇ, ಡ್ಯೂಟಿ ಶುರು ಮಾಡಿ."