ಚಿರತೆ ಮನೆಯ ರಿವಾಲ್ವರ್

ಬೋರಣ್ಣನ ಬೋರ್‌ವೆಲ್ ಬತ್ತಿದ್ದೇ ಎಲ್ಲ ರಗಳೆಗೂ ಮೂಲ. ಎರಡು ಸಾವಿರದ ಒಂದನೇ ಇಸವಿಯ ಬೇಸಿಗೆ. ಬಿಳೇಕಹಳ್ಳಿಯಲ್ಲಿ ನೆಲ ಅಗೆದರೆ ಬಿಸಿಗಾಳಿ ಬರುತ್ತಿತ್ತು. ಮೇಲಿನ ಮನೆಯ ಬಾಡಿಗೆಯವಳು, ಬಾಗಲಕೋಟೆ ಕಡೆಯ ಹುಲಿಗೆವ್ವ, ಖಾಲಿ ಕೊಡ ಸೊಂಟದಲ್ಲಿಟ್ಟುಕೊಂಡೇ ಹೇಳಿದ್ದಳು: "ಅಣ್ಣಾರ, ಈ ತಿಂಗಳು ಹೊಸ ಬೋರು ಹಾಕಸ್ಲಿಲ್ಲಂದ್ರ ನಾವು ಮನಿ ಬಿಡ್ತೀವಿ ನೋಡ್ರಿ."

ದುಡ್ಡೆಲ್ಲಿ? ಬೋರಣ್ಣನ ಕಣ್ಣು ಬೀರುವಿನತ್ತ ಹೋಯಿತು. ಒಳಗೆ ತಾತನ ಕಾಲದ ರಿವಾಲ್ವರ್ ಮಲಗಿತ್ತು. ಲೈಸೆನ್ಸು ಅಪ್ಪನಿಂದ ಇವನ ಹೆಸರಿಗೆ ಬಂದಿತ್ತು. ಪ್ರತಿ ಆಯುಧಪೂಜೆಗೂ ಹೆಂಡತಿ ಲಕ್ಷ್ಮಮ್ಮ ಅದಕ್ಕೆ ಎಣ್ಣೆ ಸವರಿ, ಕುಂಕುಮವಿಟ್ಟು, ಬಾಣಂತಿಯ ಕೂಸಿನಂತೆ ಬಟ್ಟೆ ಸುತ್ತಿ ಮಲಗಿಸುತ್ತಿದ್ದಳು.

ತಾತ ಇದರಲ್ಲೇ ಬನ್ನೇರುಘಟ್ಟದ ಚಿರತೆ ಹೊಡೆದನೆಂದು ಬೀದಿಗೆಲ್ಲ ಗೊತ್ತು. ಮನೆಗೆ 'ಚಿರತೆ ಮನೆ' ಎಂದೇ ಹೆಸರು. ನಲ್ಲಿ ಜಗಳ, ಗೋಡೆ ಜಗಳಗಳೆಲ್ಲ ಬೋರಣ್ಣನ ಜಗಲಿಯಲ್ಲೇ ತೀರ್ಮಾನ. ಚಿರತೆ ಹೊಡೆದವನ ಮೊಮ್ಮಗನಿಗೆ ಯಾರು ಎದುರಾಡುತ್ತಾರೆ?

ಭಾನುವಾರ ಬೆಳಗ್ಗೆ ಕೋವಿ ಅಂಗಡಿಯ ಚಕ್ರಪಾಣಿ ಬೆಲೆ ಕಟ್ಟಲು ಬಂದರು. ಬೆನ್ನಿಗೇ ಬೀದಿಯೂ ಬಂತು.

"ನಿಂಗೇನ್ಲಾ ಕೆಲ್ಸ ಇಲ್ಲಿ?" ಎಂದು ಬೋರಣ್ಣ ಪಕ್ಕದ ಮನೆಯ ಮುನಿಯಣ್ಣನನ್ನು ಗದರಿದ.

"ರೇಟ್ ಏರ್ಸಕ್ ಬಂದಿವ್ನಿ, ಸುಮ್ಕಿರು," ಎಂದ ಮುನಿಯಣ್ಣ, ಚಕ್ರಪಾಣಿಯತ್ತ ತಿರುಗಿದ. "ಸಾರ್, ಇದ್ರಲ್ಲೇ ಚಿರತೆ ಹೊಡ್ದಿದ್ದು. ಒಂದೇ ಗುಂಡು."

"ಒಂದಲ್ರೀ, ಎರಡು ಚಿರತಿ," ಎಂದಳು ಹುಲಿಗೆವ್ವ.

"ಕಾಡಂದೀನ ಬಿಟ್ಬಿಟ್ರಲ್ಲ," ಎಂದಳು ಲಕ್ಷ್ಮಮ್ಮ.

ಒಂದೊಂದು ಪ್ರಾಣಿ ಬಿದ್ದಾಗಲೂ ಚಕ್ರಪಾಣಿಯ ಮುಖ ಒಂದೊಂದು ಇಂಚು ಇಳಿಯುತ್ತಿತ್ತು. "ನೋಡಿ, ನಮ್ ಗಿರಾಕಿ ಒಬ್ರು ಒಂದೂ ಗುಂಡು ಹಾರಿಸದ ಪೀಸೇ ಹುಡುಕ್ತಿದಾರೆ. ಅಂಥದ್ದಾದ್ರೆ ಎರಡು ಲಕ್ಷ. ಒಂದ್ಸಲ ಹಾರ್ಸಿದ್ರೂ ಐದ್ ಸಾವ್ರ ಅಷ್ಟೇ."

ಗುಂಪು ಬಾಯಿ ಮುಚ್ಚಿತು. ಚಕ್ರಪಾಣಿ ಟಾರ್ಚ್ ಬೆಳಕು ಬಿಟ್ಟು, ಕಿವಿ ಡಾಕ್ಟರಂತೆ ಬಗ್ಗಿ ನಳಿಕೆಯೊಳಗೆ ಇಣುಕಿದರು. ತುಂಬಾ ಹೊತ್ತು ಇಣುಕಿದರು.

"ಅದೃಷ್ಟವಂತ್ರು ನೀವು. ಕಾರ್ಖಾನೆ ಬಿಟ್ಮೇಲೆ ಇದು ಒಂದ್ಸಲಾನೂ ಹಾರಿಲ್ಲ. ಎರಡು ಲಕ್ಷ."

ಬೋರಣ್ಣನ ಮನಸ್ಸಿನಲ್ಲಿ ಮೂವತ್ತಡಿ ಎತ್ತರಕ್ಕೆ ನೀರು ಚಿಮ್ಮಿತು. ಅಷ್ಟರಲ್ಲಿ ಮುನಿಯಣ್ಣ ತಲೆ ಕೆರೆದುಕೊಂಡ.

"ಹಂಗಾರೆ ಚಿರತೆ ಹೆಂಗ್ ಸತ್ತಿತ್ತು ಬೋರಣ್ಣ? ನಿಮ್ ತಾತ ಬೈದು ಸಾಯ್ಸಿದ್ನಾ? ಆ ಚಿರತೆ ಮುಖ ನೋಡಿ ಗೋಡೆ ಜಗಳದಾಗೆ ಒಂದಡಿ ಜಾಗ ಬಿಟ್ಕೊಟ್ಟೆನಲ್ಲೋ ನಾನು."

"ಇನ್ನ ಬೆಕ್ಕಿನ ಮನಿ ಅಂತ ಬರಸ್ರಿ," ಎಂದಳು ಹುಲಿಗೆವ್ವ. ಅಂಗಳವೆಲ್ಲ ನಕ್ಕಿತು.

"ಎರಡು ಲಕ್ಷ, ಬಾಯ್ ಮುಚ್ಕೊಂಡಿರಿ," ಎಂದು ಲಕ್ಷ್ಮಮ್ಮ ಗಂಡನ ಕಿವಿಯಲ್ಲಿ ಉಸುರಿದಳು.

ಬೋರಣ್ಣ ಬಾಯಿ ಮುಚ್ಚಿಕೊಂಡ. ಕೈ ಸುಮ್ಮನಿರಲಿಲ್ಲ. ರಿವಾಲ್ವರಿನ ಜೊತೆ ಬೀರುವಿನಿಂದ ತಂದಿಟ್ಟಿದ್ದ ಡಬ್ಬಿಯಿಂದ ಹಳೆಯ ತೋಟಾ ಒಂದನ್ನು ತೆಗೆದು ತುರುಕಿ, ರಿವಾಲ್ವರನ್ನು ಆಕಾಶಕ್ಕೆತ್ತಿ, ಕಣ್ಣು ಮುಚ್ಚಿ ಟ್ರಿಗರ್ ಎಳೆದ.

ಸದ್ದಿಗೆ ಬನ್ನೇರುಘಟ್ಟ ರಸ್ತೆಯವರೆಗಿನ ನಾಯಿಗಳೆಲ್ಲ ಬೊಗಳಿದವು. ಹೊಗೆ ಕರಗಿದಾಗ ಮುನಿಯಣ್ಣ ತುಳಸಿಕಟ್ಟೆಯ ಹಿಂದಿದ್ದ.

"ಹೊಡ್ದಿದ್ರು ಬುಡಪ್ಪಾ ನಿಮ್ ತಾತ," ಎಂದು ಅಲ್ಲಿಂದಲೇ ಒಪ್ಪಿಕೊಂಡ. "ಮೂರು ಚಿರತೆ ಹೊಡ್ದಿರ್ಬೇಕು."

ಬೀದಿ ಚಪ್ಪಾಳೆ ತಟ್ಟಿತು. ನಾಲ್ವರು ಬೋರಣ್ಣನನ್ನು ಹೆಗಲ ಮೇಲೆ ಕೂರಿಸಿಕೊಂಡರು. ಮದುವಣಿಗನಾದ ದಿನವೂ ಅವನು ಅಷ್ಟು ನೆಟ್ಟಗೆ ಕೂತಿರಲಿಲ್ಲ.

ಮೇಲೆ ನೋಡಿದವಳು ಹುಲಿಗೆವ್ವ ಒಬ್ಬಳೇ. ಬೆಳಗ್ಗೆಯಷ್ಟೇ ಟ್ಯಾಂಕರ್ ನೀರು ತುಂಬಿಸಿದ್ದ ಟೆರೇಸಿನ ಹೊಸ ಟ್ಯಾಂಕಿಗೆ ಗುಂಡು ಕೊರೆದ ತೂತಿನಿಂದ ನೀರು ಬಿಲ್ಲಿನಂತೆ ಬಾಗಿ ಅಂಗಳಕ್ಕೆ ಸುರಿಯುತ್ತಿತ್ತು.

"ಎಲ್ಲಾರೂ ಕೊಡ ತರ್ರಿ," ಎಂದು ಕೂಗಿದಳು. "ಅಣ್ಣಾರು ನೀರು ಬಿಟ್ಟಾರ."

ಚಕ್ರಪಾಣಿ ತಮ್ಮ ಚೀಟಿಯಲ್ಲಿ ಬರೆದಿದ್ದ ಎರಡು ಲಕ್ಷವನ್ನು ಹೊಡೆದುಹಾಕಿದರು. "ಐದ್ ಸಾವ್ರ."

ಹೆಗಲ ಮೇಲಿದ್ದ ಬೋರಣ್ಣ ಮೆಲ್ಲಗೆ ಕೇಳಿದ: "ಲಕ್ಷ್ಮೀ, ಆ ಟ್ಯಾಂಕ್ ಎಷ್ಟಾಗಿತ್ತೇ?"

"ಐದ್ ಸಾವ್ರ," ಎಂದಳು ಲಕ್ಷ್ಮಮ್ಮ, ಬಕೆಟ್ ಹುಡುಕುತ್ತ.