ಗೆರೆ ದಾಟಿದ ಲಾಯ್ಡ್‌ಗೆ ಸ್ವಾಗತ ಕೋರದಿದ್ದುದರ ಬಗ್ಗೆ

ಅಮೆರಿಕದ ‘ಲಕ್ಕಿ ಪ್ರೇರಿ’ ಪಣದಾಟ ಕಂಪನಿಯ ಗ್ರಾಹಕ ಸಂತೋಷ ವಿಭಾಗದ ಮುಖ್ಯಸ್ಥರ ದಿವ್ಯ ಸನ್ನಿಧಿಗೆ,

ಪರಮ ಮಾನ್ಯರೇ,

ಗದಗ ಜಿಲ್ಲೆಯ ಮುಳಗುಂದದಿಂದ, ಮೊನ್ನೆಯವರೆಗೂ ತಮ್ಮ ಗ್ರಾಹಕರಿಗೆ ಉತ್ತರ ಬರೆಯುತ್ತಾ ಚಾಟ್ ಪರದೆಯ ಮೇಲೆ ‘ನೇಥನ್’ ಎಂದು ಹೊಳೆಯುತ್ತಿದ್ದ ನವಾಜ ಎಂಬ ನಾನು ಮಾಡುವ ಸಾಷ್ಟಾಂಗ ಸಲಾಮುಗಳು. ತಾವು ಕ್ಷೇಮ, ತಮ್ಮ ಕ್ಯಾಸಿನೋಗಳ ದೀಪಗಳು ಕ್ಷೇಮ, ಯಾವ ಜೂಜನ್ನೂ ಒಪ್ಪದ ಯೂಟಾ ಮತ್ತು ಹವಾಯಿ ಎಂಬ ಎರಡು ಹಟಮಾರಿ ರಾಜ್ಯಗಳು ಮಾತ್ರ ಇನ್ನೂ ದಾರಿಗೆ ಬಂದಿಲ್ಲ ಎಂದು ಭಾವಿಸುತ್ತೇನೆ. ನನ್ನನ್ನು ಕೆಲಸದಿಂದ ತೆಗೆದದ್ದಕ್ಕೆ ತಕರಾರು ಮಾಡಲು ಈ ಬಹಿರಂಗ ಪತ್ರ ಬರೆಯುತ್ತಿಲ್ಲ. ನನ್ನಂಥವನನ್ನು ಇಟ್ಟುಕೊಂಡಿದ್ದರಲ್ಲ, ಆ ಧಾರಾಳತನವನ್ನು ಕೊಂಡಾಡಲು ಬರೆಯುತ್ತಿದ್ದೇನೆ.

ತುಂಗಭದ್ರೆಯ ಆಚೆ ದಡವನ್ನು ಕೊರ್ಲಹಳ್ಳಿಯ ಈಚೆ ದಡದಲ್ಲಿ ನಿಂತು ನೋಡಿದ್ದೇ ನನ್ನ ದೊಡ್ಡ ಪ್ರವಾಸ. ಅಂಥವನನ್ನು ತಾವು ಅಮೆರಿಕದ ಭೂಗೋಳ ಪಂಡಿತನನ್ನಾಗಿ ಮಾಡಿದಿರಿ. ಅಯೋವಾದಲ್ಲಿ ಸೋಫಾದ ಮೇಲೆ ಮಲಗಿಯೇ ಫೋನಿನಲ್ಲಿ ಪಣ ಕಟ್ಟಬಹುದು, ಪಕ್ಕದ ನೆಬ್ರಾಸ್ಕದಲ್ಲಿ ಅದಕ್ಕೆ ಎದ್ದು ಕ್ಯಾಸಿನೋ ಕಟ್ಟಡದ ಒಳಗೇ ಹೋಗಬೇಕು, ನ್ಯೂಯಾರ್ಕಿನಲ್ಲಿ ಸ್ವಂತ ರಾಜ್ಯದ ಕಾಲೇಜು ತಂಡದ ಮೇಲೆ ಮಾತ್ರ ಕಟ್ಟುವಂತಿಲ್ಲ ಎಂಬುದನ್ನೆಲ್ಲ ನಾನು ಮಗ್ಗಿಯಂತೆ ಒಪ್ಪಿಸುತ್ತಿದ್ದೆ. ಶಿರಹಟ್ಟಿಯಲ್ಲಿ ಹೆಣ್ಣು ನೋಡಲು ಹೋದಾಗ ‘ಸ್ಪೋರ್ಟ್ಸ್ ಲೈನಿನಲ್ಲಿದ್ದೇನೆ’ ಎಂದೆ; ಹುಡುಗಿಯ ತಂದೆ ನನ್ನ ಹೊಟ್ಟೆಯನ್ನೊಮ್ಮೆ ನೋಡಿ, “ಯಾವ ಆಟರೀ?” ಎಂದರು. ಸಂಬಂಧ ಅಲ್ಲಿಗೇ ನಿಂತಿತು.

ಇನ್ನು ಲಾಯ್ಡ್‌ನ ವಿಷಯ. ತಮ್ಮ ಗ್ರಾಹಕರಲ್ಲಿ ಒಬ್ಬನಾದ ಅವನು ಕ್ಯಾನ್ಸಸ್ ರಾಜ್ಯದಲ್ಲಿ ಶಾಲಾ ಬಸ್ಸಿನ ಚಾಲಕ. ಒಂದು ದಿನ ಸಿಗ್ನಲ್ಲಿನಲ್ಲಿ ಬಸ್ ನಿಲ್ಲಿಸಿ, ತಮ್ಮ ಆ್ಯಪಿನಲ್ಲಿ ಬಾಸ್ಕೆಟ್‌ಬಾಲ್ ಅಂಕ ನೋಡುತ್ತಾ ಕುಳಿತಿದ್ದನಂತೆ. ದೀಪ ಹಸಿರಾದರೂ ಬಸ್ ಕದಲಲಿಲ್ಲ. ಹಿಂದಿನ ಸೀಟಿನ ಪುಟ್ಟ ಹುಡುಗಿಯೊಬ್ಬಳು “ಗೆದ್ದಿರಾ ಅಂಕಲ್?” ಎಂದು ಕೇಳಿದಳಂತೆ. ಮಕ್ಕಳಿಗೂ ಗೊತ್ತಾಗಿತ್ತು. ಅಂದೇ ಸಂಜೆ ಅವನು ನನ್ನ ಚಾಟಿಗೆ ಬಂದು, ತನ್ನನ್ನು ಒಳಗೆ ಬಿಡಬೇಡಿ ಎಂದು ಬೇಡಿಕೊಂಡ. ಪಣದಾಟದಿಂದ ತಾವಾಗಿಯೇ ದೂರವಿರಲು ಬಯಸುವವರ ಆ ರಾಜ್ಯದ ಪಟ್ಟಿಗೆ ಅವನ ಹೆಸರು ಸೇರಿಸುವ ದಾರಿ ತೋರಿಸಿ, ಕ್ಯಾನ್ಸಸ್ಸಿನಲ್ಲಿ ಅವನ ಖಾತೆಗೆ ನಾನೇ ಬೀಗ ಹಾಕಿದೆ.

ಕಳೆದ ಡಿಸೆಂಬರಿನಲ್ಲಿ ಪಕ್ಕದ ಮಿಸೌರಿ ರಾಜ್ಯವೂ ಪಣದಾಟಕ್ಕೆ ಬಾಗಿಲು ತೆರೆಯಿತು. ಕ್ಯಾನ್ಸಸ್ ಸಿಟಿ ಎಂಬ ಊರು ಎರಡೂ ರಾಜ್ಯಗಳಲ್ಲಿ ಹರಡಿಕೊಂಡಿದೆ. ನಮ್ಮ ಗದಗ-ಬೆಟಗೇರಿಯ ನಡುವೆ ಒಂದು ಗೆರೆ ಎಳೆದು, ಬೆಟಗೇರಿಯಲ್ಲಿ ಹಾಕಿದ ಬೀಗ ಗದಗದಲ್ಲಿ ಬೀಗವೇ ಅಲ್ಲ ಎಂದರೆ ಹೇಗೋ ಹಾಗೆ. ಲಾಯ್ಡ್ ಆ ಗೆರೆ ದಾಟಿ ತಂಗಿಯ ಮನೆಗೆ ಊಟಕ್ಕೆ ಹೋದ. ಅವನ ಫೋನು ಮಿಸೌರಿಯ ನೆಲದ ಮೇಲಿದೆ ಎಂದು ತಮ್ಮ ಯಂತ್ರ ತಕ್ಷಣ ಪತ್ತೆ ಹಚ್ಚಿತು. ಅಲ್ಲಿ ಸಂಜೆ, ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದ ಮುಳಗುಂದದಲ್ಲಿ ಬೆಳಗಿನ ಚಹಾದ ಹೊತ್ತು. ನನ್ನ ಪರದೆಯ ಮೇಲೆ ಆಜ್ಞೆ ಬಂತು: ‘ಲಾಯ್ಡ್, ನಿನ್ನನ್ನು ತುಂಬಾ ನೆನೆಸಿಕೊಂಡೆವು, ಮೊದಲ ಪಣ ನಮ್ಮ ಕಾಣಿಕೆ ಎಂದು ಬರೆಯತಕ್ಕದ್ದು.’

ಇಂಗ್ಲಿಷಿನ ಸಾಲುಗಳನ್ನು ಗಟ್ಟಿಯಾಗಿ ಓದಿ ಅರ್ಥ ಹೇಳಿಕೊಳ್ಳುವ ಕೆಟ್ಟ ಚಾಳಿ ನನಗಿದೆ. ಚಹಾ ತಂದ ತಾಯಿ ಫಕೀರಬಿ ಕೇಳಿಸಿಕೊಂಡಳು.

“ಯಾರ್ನಪಾ ಮುಂಜಾನಿ ಮುಂಜಾನಿ ಇಷ್ಟ್ ನೆನಸಾಕತ್ತೀರಿ?”

ವಿಷಯ ಹೇಳಿದೆ. ಅವಳು ಚಹಾದ ಕಪ್ಪು-ಬಸಿ ಕೆಳಗಿಟ್ಟಳು.

“ಬ್ಯಾಡಂತ ಕೈ ಮುಗದು ಹೋದಾಂವನ್ನ ಮತ್ತ ಓಣ್ಯಾಗ ನಿಂತು ಕರೀತೀರೇನ್ಲೇ? ಅಂವಾ ಹುಡುಗರ ಗಾಡಿ ಹೊಡಿತಾನಲ್ಲೋ!”

“ಕಂಪನಿ ಬರಿ ಅಂತೈತಬೇ.”

“ಕಂಪನಿಗೆ ಕೈ ಅದಾವೇನು? ಬರಿಯಾಂವ ನೀನ ಅಲ್ಲ?”

ಮಾನ್ಯರೇ, ನಾನು ಶೂರನೆಂದು ದಯವಿಟ್ಟು ಭಾವಿಸಬೇಡಿ. ಕರೆಂಟು ಹೋಗಲಿ ಎಂದು ಬೇಡಿಕೊಂಡೆ. ದಿನವೂ ಹೋಗುವ ಕರೆಂಟು ಅಂದು ಹೋಗಲಿಲ್ಲ. ಕೊನೆಗೆ, ‘ಲಾಯ್ಡ್ ಸಾಹೇಬರೇ, ನಾನು ನೇಥನ್ ಅಲ್ಲ, ನವಾಜ. ನಿಮ್ಮ ಕ್ಯಾನ್ಸಸ್ ಬೀಗ ಮಿಸೌರಿಯ ದಡದಲ್ಲಿ ನಡೆಯುವುದಿಲ್ಲ. ನಿಮ್ಮನ್ನು ಯಾರೂ ನೆನೆಸಿಕೊಂಡಿಲ್ಲ. ಊಟ ಮುಗಿಸಿ ಮನೆಗೆ ಹೋಗಿ’ ಎಂದು ಟೈಪಿಸಿದೆ.

ಉತ್ತರ ಬಂತು. ಆ್ಯಪಿನ ಬೀಗ ತೆರೆದುಕೊಂಡದ್ದನ್ನು ಅವನು ಆಗಲೇ ನೋಡಿಬಿಟ್ಟಿದ್ದನಂತೆ. ಊಟದ ಮೇಜಿನಿಂದ ಎದ್ದು ಕಾರಿನಲ್ಲಿ ಒಬ್ಬನೇ ಬಂದು ಕುಳಿತಿದ್ದನಂತೆ. ‘ನೀನು ಎಲ್ಲಿಂದ ಬರೆಯುತ್ತಿದ್ದೀಯ?’ ಎಂದು ಕೇಳಿದ. ಮುಳಗುಂದ ಎಂದೆ. ‘ಅದು ಮಿಸೌರಿಯಲ್ಲಿದೆಯೇ?’ ಎಂದ. ‘ಇಲ್ಲ, ನಮ್ಮೂರಿಗೆ ಇನ್ನೂ ಆ ಭಾಗ್ಯ ಬಂದಿಲ್ಲ’ ಎಂದೆ. ಅವನು ನಗುವ ಮುಖವೊಂದನ್ನು ಕಳಿಸಿ, ಮಿಸೌರಿ ದಡದ ಪಟ್ಟಿಗೂ ಹೆಸರು ಹಾಕುವುದು ಹೇಗೆಂದು ಕೇಳಿದ. ತೋರಿಸಿದೆ. ಕಾರಿನಲ್ಲೇ ಕುಳಿತು ಹಾಕಿದ. ‘ತಂಗಿ ಕರೆಯುತ್ತಿದ್ದಾಳೆ, ಅನ್ನ ಆರುತ್ತಿದೆ’ ಎಂಬ ಅರ್ಥದ್ದೇನೋ ಬರೆದು ಹೋದ. ಮತ್ತೆ ಬರಲಿಲ್ಲ. ಗ್ರಾಹಕ ಬರದಿದ್ದುದಕ್ಕೆ ಸಂತೋಷಪಟ್ಟ ನೌಕರ ತಮ್ಮ ಗ್ರಾಹಕ ಸಂತೋಷ ವಿಭಾಗದಲ್ಲಿ ನಾನೊಬ್ಬನೇ ಇರಬೇಕು.

ಆ ವಾರವೇ ಗದಗದ ಕಚೇರಿಯ ನಮ್ಮ ತಂಡದ ಮುಖ್ಯಸ್ಥ ಕಳಕೇಶ ನನ್ನನ್ನು ಕರೆಸಿದ. ಚಾಟನ್ನು ಎರಡು ಸಲ ಓದಿ, ಕನ್ನಡಕ ತೆಗೆದ.

“ನವಾಜ, ನೀ ಮಾಡಿದ್ದು ಖರೆ ಐತಿ. ಆದ್ರ ಖರೆ ಮಾಡಾಕ ನಮ್ಮಲ್ಲಿ ಹುದ್ದೆ ಇಲ್ಲಪಾ.”

ಬಿಡುಗಡೆ ಆದೇಶದಲ್ಲಿ ಕಾರಣ ಹೀಗಿತ್ತು: ಗ್ರಾಹಕನಿಗೆ ನಿಜವಾದ ಹೆಸರು ತಿಳಿಸಿದ್ದು. ಎಂಥ ನ್ಯಾಯ! ಈಗ ಮುಳಗುಂದದಲ್ಲಿ ಸೋದರಮಾವ ಮಲಂಗಸಾಬರ ಚಪ್ಪಲಿ ಅಂಗಡಿಯಲ್ಲಿ ಕೂರುತ್ತೇನೆ. ಬೇಡವೆಂದು ಎದ್ದ ಗಿರಾಕಿಯನ್ನು ನಾನು ತಡೆಯುವುದಿಲ್ಲ. ಮಾವನಿಗೆ ಇದರಿಂದ ಬಹಳ ಚಿಂತೆಯಾಗಿದೆ.

ಕೊನೆಯದಾಗಿ ಕೆಲವು ಬಿನ್ನಹಗಳು. ಮನುಷ್ಯನೊಬ್ಬ ಗೆರೆಯ ಯಾವ ಬದಿಗೆ ಕಾಲಿಟ್ಟಿದ್ದಾನೆಂದು ಹೇಳಬಲ್ಲ ತಮ್ಮ ಯಂತ್ರಕ್ಕೆ, ಆ ಕಾಲು ನಡುಗುತ್ತಿದೆಯೇ ಎಂದೂ ನೋಡಲು ಕಲಿಸಬೇಕು. ತಮ್ಮ ಕಾಣಿಕೆಗಳು ಎಷ್ಟು ಸಲೀಸಾಗಿ ರಾಜ್ಯದ ಗಡಿ ದಾಟುತ್ತವೆಯೋ, ಒಬ್ಬನ ‘ಬೇಡ’ ಎಂಬ ಮಾತಿಗೂ ಅಷ್ಟೇ ಸಲೀಸಾಗಿ ದಾಟಲು ಪಾಸು ಕೊಡಿಸಬೇಕು. ಅದಾಗದಿದ್ದರೆ, ಅಮೆರಿಕದ ನಕ್ಷೆಯ ಮೇಲಿನ ಗೆರೆಗಳನ್ನಾದರೂ ಅಳಿಸಿಕೊಡಬೇಕು. ರಬ್ಬರನ್ನು ನಾನೇ ಕಳಿಸುತ್ತೇನೆ.

ತೆಗೆದುಹಾಕಿದರೂ ಹೋಗದ, ತಮ್ಮ ವಿಶ್ವಾಸಿ,
ನವಾಜ
ಮುಳಗುಂದ

ತಾ.ಕ.: ಬಿಡುಗಡೆ ಆದೇಶದ ಕೆಳಗೆ ತಾವು ‘ಗುಡ್ ಲಕ್’ ಎಂದು ಹಾರೈಸಿದ್ದೀರಿ. ಅದೃಷ್ಟವನ್ನು ನಂಬಿದವರ ಗತಿ ಏನಾಗುತ್ತದೆಂದು ತಮಗಿಂತ ಚೆನ್ನಾಗಿ ಬಲ್ಲವರು ಭೂಮಿಯ ಮೇಲಿಲ್ಲ. ಹಾಗಾಗಿ ನನ್ನ ತಾಯಿ ಅದನ್ನು ಬೆದರಿಕೆಯೆಂದೇ ತಿಳಿದು, ನನಗೆ ದೃಷ್ಟಿ ತೆಗೆದಿದ್ದಾಳೆ.